ದಿಲ್ಲಿಯಲ್ಲಿ ಅಸಲಿ ರುಚಿ ಹುಡುಕೋದು ಹೇಗೆ?

ದಿಲ್ಲಿಗೆ ಹೊರಟಿದ್ದೀರಾ? ಟಿಬೆಟಿಯನ್, ಅಫ್ಘಾನಿ ಊಟ ಅಸಲಿ ರುಚಿಯಲ್ಲೇ ಬೇಕಾ? ಹಾಗಿದ್ರೆ ಹೋಟೆಲ್ ಆಮೇಲೆ ಹುಡುಕಿ. ಆ ಜನ ವಾಸ ಮಾಡೋ ಬಡಾವಣೆ ಯಾವುದು ಅಂತ ಮೊದಲು ತಿಳ್ಕೊಳ್ಳಿ.

ಒಂದು, ಮಜ್ನು ಕಾ ಟೀಲಾ. ವಿಧಾನಸಭಾ ಮೆಟ್ರೋ ನಿಲ್ದಾಣದಲ್ಲಿ ಇಳಿದು ಆಟೋ ಹಿಡೀರಿ. 1959ರ ನಂತರ ಟಿಬೆಟ್ ಬಿಟ್ಟು ಬಂದವರು ಯಮುನೆಯ ಪಕ್ಕದಲ್ಲಿ ಕಟ್ಟಿಕೊಂಡ ಕಾಲೊನಿ ಇದು. ಇಕ್ಕಟ್ಟಾದ ಗಲ್ಲಿಗಳಲ್ಲಿ ಲಾಫಿಂಗ್ ಅನ್ನೋ ತಿಂಡಿ ಮಾಡೋದನ್ನ ನಿಂತು ನೋಡಿ. ಹಿಟ್ಟಿನ ತೆಳು ಹಾಳೆಗೆ ಮೆಣಸಿನಕಾಯಿ ಎಣ್ಣೆ, ಬೆಳ್ಳುಳ್ಳಿ ನೀರು ಸವರಿ, ಸುರುಳಿ ಸುತ್ತಿ, ತುಂಡು ಮಾಡಿ ಕೊಡ್ತಾರೆ. ತಣ್ಣಗಿರುತ್ತೆ, ಆದ್ರೆ ಖಾರ ನೆತ್ತಿಗೇರುತ್ತೆ!

ಎರಡು, ಲಜಪತ್ ನಗರ. ಅಫ್ಘಾನಿಸ್ತಾನದಿಂದ ಬಂದ ಎಷ್ಟೋ ಕುಟುಂಬಗಳು ಇಲ್ಲಿ ನೆಲೆಸಿವೆ. ತಂದೂರಿನಿಂದ ಆಗಷ್ಟೇ ತೆಗೆದ ನಾನ್, ಕ್ಯಾರೆಟ್ ಎಳೆ, ಒಣದ್ರಾಕ್ಷಿ ಹಾಕಿದ ಕಾಬೂಲಿ ಪಲಾವ್. ಅನ್ನದ ಅಡಿಯಲ್ಲಿ ಮೆತ್ತಗೆ ಬೆಂದ ಮಾಂಸ. ಮಸಾಲೆ ಹದವಾಗಿರುತ್ತೆ, ಬಿರಿಯಾನಿಯ ಖಾರ ನಿರೀಕ್ಷಿಸಬೇಡಿ.

ಮೂರು, ಬಡಾವಣೆ ಅಲ್ಲದಿದ್ರೂ ಅಸಲಿ ರುಚಿ ಸಿಗೋ ಜಾಗ: ರಾಜ್ಯ ಸರ್ಕಾರಗಳು ದಿಲ್ಲಿಯಲ್ಲಿ ನಡೆಸೋ ಭವನಗಳ ಕ್ಯಾಂಟೀನ್. ಆಂಧ್ರ ಭವನದಲ್ಲಿ ಬಿಸಿ ಅನ್ನ, ಪಪ್ಪು ಅನ್ನೋ ತೊವ್ವೆ, ಪುಡಿ, ತುಪ್ಪ. ಮಧ್ಯಾಹ್ನ ಸಾಲು ಇರುತ್ತೆ, ಸ್ವಲ್ಪ ಬೇಗ ಹೋಗಿ.

ಯಾವ ಊರಿಗೇ ಹೋದ್ರೂ ಇದೇ ದಾರಿ. ನಿಮಗೆ ಬೇಕಾದ ರುಚಿಯ ಜನ ವಾಸ ಮಾಡೋ ಬಡಾವಣೆಯ ದಿನಸಿ ಅಂಗಡಿಗೆ ಹೋಗಿ, "ನೀವು ಮನೆಯವರ ಜೊತೆ ಎಲ್ಲಿ ಊಟಕ್ಕೆ ಹೋಗ್ತೀರಿ?" ಅಂತ ಕೇಳಿ. ಅವರು ತೋರಿಸಿದ ಕಡೆ ಧೈರ್ಯವಾಗಿ ಕೂತ್ಕೊಳ್ಳಿ. ಪಕ್ಕದ ಟೇಬಲ್‌ನವರು ತಿನ್ನೋದನ್ನೇ ತರೋಕೆ ಹೇಳಿ, ಮನಸಾರೆ ಉಣ್ಣಿ.

ನಿಮ್ಮೂರಲ್ಲಿ ಇಂಥ ಜಾಗ ಯಾವುದಿದೆ? ಕಾಮೆಂಟ್‌ನಲ್ಲಿ ಬರೆದು ತಿಳಿಸಿ.