ಶಾಲೆಯಲ್ಲಿ ಸಹಪಾಠಿಗಳ ಪೀಡನೆ ಮತ್ತು ಮಕ್ಕಳ ಆರೋಗ್ಯ

ಭಾನುವಾರ ಸಂಜೆಯವರೆಗೂ ಆಡಿಕೊಂಡಿದ್ದ ಮಗುವಿಗೆ ಸೋಮವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಆರಂಭವಾಗುತ್ತದೆ. ವೈದ್ಯರು ಪರೀಕ್ಷಿಸಿದರೆ ಯಾವ ದೋಷವೂ ಕಾಣುವುದಿಲ್ಲ. ‘ಶಾಲೆ ತಪ್ಪಿಸಲು ನೆಪ’ ಎಂದು ಮನೆಯವರು ಗದರಿಸುತ್ತಾರೆ. ಆದರೆ ಆ ನೋವು ಬಹುಮಟ್ಟಿಗೆ ನಿಜವಾದ ನೋವೇ ಆಗಿರುತ್ತದೆ. ಅದರ ಮೂಲ ಹೊಟ್ಟೆಯಲ್ಲಿರದೆ ತರಗತಿಯ ಕೊಠಡಿಯಲ್ಲಿರಬಹುದು.

ಇದನ್ನು ನಾವು ಅನುಭವದಿಂದಲೇ ಬಲ್ಲೆವು. ಆರನೆಯ ತರಗತಿಯಲ್ಲಿದ್ದಾಗ ನಮಗೆ ದಪ್ಪ ಗಾಜಿನ ಕನ್ನಡಕ ಬಂದಿತು. ಮರುದಿನದಿಂದಲೇ ‘ಸೋಡಾಬುಡ್ಡಿ’ ಎಂಬುದು ನಮ್ಮ ಹೆಸರಾಯಿತು. ಕನ್ನಡಕವನ್ನು ಕಿತ್ತುಕೊಂಡು ಕೈಯಿಂದ ಕೈಗೆ ಎಸೆಯುವುದು ದಿನನಿತ್ಯದ ಆಟವಾಯಿತು. ನಾವು ಕನ್ನಡಕವನ್ನು ಚೀಲದಲ್ಲಿ ಅಡಗಿಸಿಡತೊಡಗಿದೆವು. ಕಪ್ಪುಹಲಗೆಯ ಮೇಲಿನ ಅಕ್ಷರ ಕಾಣದಾಯಿತು; ಕಣ್ಣು ಕಿರಿದು ಮಾಡಿ ನೋಡಿ ನೋಡಿ ತಲೆನೋವು ಬಂದಿತು; ಅಂಕಗಳು ಇಳಿದವು. ಮನೆಯಲ್ಲಿ ‘ಓದಿನಲ್ಲಿ ಲಕ್ಷ್ಯವಿಲ್ಲ’ ಎಂಬ ಬೈಗುಳ ಸಿಕ್ಕಿತೇ ಹೊರತು ಕಾರಣವನ್ನು ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಆ ವರ್ಷದ ನಡುವೆ ತೊದಲಿ ಮಾತನಾಡುವ ಹುಡುಗನೊಬ್ಬ ತರಗತಿಗೆ ಸೇರಿದನು. ಗೇಲಿಯೆಲ್ಲ ಅವನ ಕಡೆಗೆ ತಿರುಗಿತು. ಅವನು ಪಾಠ ಓದಲು ನಿಂತಾಗ ಎಲ್ಲರೊಡನೆ ನಾವೂ ನಕ್ಕೆವು. ನಮ್ಮ ಸರದಿ ಮುಗಿಯಿತೆಂಬ ನೆಮ್ಮದಿಯ ನಗೆ ಅದು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಪಟ್ಟ ನೋವಿಗಿಂತ ನಕ್ಕ ನಗೆಯೇ ಇಂದಿಗೂ ನಮ್ಮನ್ನು ಹೆಚ್ಚು ಬಾಧಿಸುತ್ತದೆ.

ಜಗಳ ಬೇರೆ, ಪೀಡನೆ ಬೇರೆ

ಮಕ್ಕಳು ಜಗಳವಾಡುವುದು ಸಹಜ. ಸಮಬಲದ ಇಬ್ಬರು ಬೆಳಿಗ್ಗೆ ಕಾದಾಡಿ ಮಧ್ಯಾಹ್ನ ಒಂದಾಗಿ ಊಟ ಮಾಡುತ್ತಾರೆ. ಪೀಡನೆ ಹಾಗಲ್ಲ. ನಾರ್ವೆ ದೇಶದಲ್ಲಿ ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅವರು ಇದಕ್ಕೆ ಮೂರು ಲಕ್ಷಣಗಳನ್ನು ಗುರುತಿಸಿದರು: ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದ ಅಸಮಾನತೆ. ಬಲವೆಂದರೆ ತೋಳ್ಬಲ ಮಾತ್ರವಲ್ಲ. ಗುಂಪು, ಹಣ, ಜಾತಿ, ಮೈಬಣ್ಣ, ಭಾಷೆ ಇವೆಲ್ಲವೂ ಬಲವಾಗಬಲ್ಲವು. ಹೊಡೆಯುವುದು, ಅಡ್ಡಹೆಸರಿಡುವುದು, ಬುತ್ತಿ ಕಸಿಯುವುದು, ಆಟಕ್ಕೆ ಸೇರಿಸದಿರುವುದು ಇವು ಹಳೆಯ ರೂಪಗಳು. ಮೊಬೈಲಿನಲ್ಲಿ ಚಿತ್ರ ಹಂಚಿ ಅವಮಾನಿಸುವುದು ಹೊಸ ರೂಪ. ಇದು ಮಗುವನ್ನು ಮನೆಯವರೆಗೂ ಬೆನ್ನಟ್ಟಿ ಬರುತ್ತದೆ. ಜಗತ್ತಿನಲ್ಲಿ ಸುಮಾರು ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಪೀಡನೆಗೆ ಒಳಗಾಗುತ್ತಾರೆಂದು ಯುನೆಸ್ಕೊ ಸಂಸ್ಥೆಯ 2019ರ ವರದಿ ತಿಳಿಸುತ್ತದೆ.

ದೇಹದ ಮೇಲೆ ಪರಿಣಾಮ

ಭಯವುಂಟಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಅಪಾಯ ಕಳೆದೊಡನೆ ದೇಹ ಮೊದಲಿನ ಸ್ಥಿತಿಗೆ ಮರಳಬೇಕು. ಅಪಾಯ ಪ್ರತಿದಿನವೂ ಕಾದಿದ್ದರೆ ಈ ವಿಶ್ರಾಂತಿ ದೊರೆಯದು. ಆಗ ಹೊಟ್ಟೆನೋವು, ತಲೆನೋವು, ನಿದ್ರಾಹೀನತೆ, ಹಸಿವಿಲ್ಲದಿರುವುದು, ಏಕಾಗ್ರತೆಯ ಕೊರತೆ ತಲೆದೋರುತ್ತವೆ. ಕೆಲವು ಮಕ್ಕಳು ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತಾರೆ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಜನಿಸಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ಪದೇ ಪದೇ ಪೀಡನೆಗೊಳಗಾದವರಲ್ಲಿ 50ರ ವಯಸ್ಸಿನಲ್ಲಿಯೂ ಖಿನ್ನತೆ ಮತ್ತು ಆತಂಕ ಇತರರಿಗಿಂತ ಹೆಚ್ಚಾಗಿ ಕಂಡುಬಂದಿತು. ‘ದೊಡ್ಡವರಾದರೆ ಮರೆತುಹೋಗುತ್ತದೆ’ ಎಂಬ ಮಾತು ಎಲ್ಲರ ವಿಷಯದಲ್ಲಿ ಸತ್ಯವಲ್ಲ.

ಹೆತ್ತವರು ಏನು ಮಾಡಬೇಕು?

ಹರಿದ ಬಟ್ಟೆ, ಕಳೆದುಹೋಗುವ ಪುಸ್ತಕ, ಮುಟ್ಟದ ಬುತ್ತಿ, ಶಾಲೆಗೆ ಸುತ್ತುದಾರಿ ಹಿಡಿಯುವುದು, ಇದ್ದಕ್ಕಿದ್ದಂತೆ ಮೌನ ಅಥವಾ ಸಿಡುಕು ಇವನ್ನು ಗಮನಿಸಬೇಕು. ‘ಯಾರಾದರೂ ಹೊಡೆದರೇ?’ ಎಂದು ನೇರವಾಗಿ ಕೇಳಿದರೆ ಮಗು ಇಲ್ಲವೆನ್ನಬಹುದು. ‘ಇಂದು ಯಾರ ಜೊತೆ ಕುಳಿತು ಉಂಡೆ? ಬಿಡುವಿನಲ್ಲಿ ಏನಾಡಿದೆ?’ ಎಂದು ಕೇಳಿದರೆ ಸಂಗತಿ ತಾನಾಗಿ ಹೊರಬರುತ್ತದೆ. ಮಗು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳಬೇಕು. ‘ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ’ ಎಂಬ ಒಂದು ಮಾತು ಅರ್ಧ ಔಷಧ.

‘ನೀನೂ ತಿರುಗಿಸಿ ಹೊಡೆ’ ಎಂಬ ಸಲಹೆಯಿಂದ ದುರ್ಬಲ ಮಗು ಇನ್ನಷ್ಟು ಪೆಟ್ಟು ತಿನ್ನುತ್ತದೆ. ‘ಸುಮ್ಮನಿರು’ ಎಂದರೆ ಒಂಟಿಯಾಗುತ್ತದೆ. ನಡೆದ ದಿನ, ಸ್ಥಳ, ಸಂಗತಿಯನ್ನು ಬರೆದಿಟ್ಟುಕೊಂಡು ತರಗತಿಯ ಶಿಕ್ಷಕರನ್ನು ಶಾಂತವಾಗಿ ಕಾಣಬೇಕು; ಮೊಬೈಲಿನ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಬೇಕು. ಶಿಕ್ಷಕರೇ ಅವಮಾನಿಸುತ್ತಿದ್ದರೆ ಅದೂ ತಪ್ಪೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ.

ಪೀಡಿಸುವ ಮಗು ನಮ್ಮದೇ ಆಗಿದ್ದರೆ ಅದನ್ನು ಮುಚ್ಚಿಡಬಾರದು, ಬಡಿಯಲೂಬಾರದು. ಹೊಡೆತದಿಂದ ಅದು ಕಲಿಯುವುದು ಬಲಶಾಲಿ ಹೊಡೆಯಬಹುದೆಂಬ ಪಾಠವನ್ನೇ. ಮಾಡಿದ್ದನ್ನು ಒಪ್ಪಿಸಿ, ನೊಂದವನಿಗೆ ಆದ ನಷ್ಟವನ್ನು ತುಂಬಿಕೊಡಿಸಬೇಕು. ನಮ್ಮ ಮನೆಯಲ್ಲಿ ಕೆಲಸದವರನ್ನು, ಕುಂಟುವವರನ್ನು, ಕಪ್ಪಗಿರುವವರನ್ನು ನಾವು ಹೇಗೆ ಕರೆಯುತ್ತೇವೆಂಬುದನ್ನೂ ನೋಡಿಕೊಳ್ಳಬೇಕು.

ನೋಡುವವರ ಪಾತ್ರ

ಪೀಡನೆಗೆ ಪ್ರೇಕ್ಷಕರು ಬೇಕು. ನಗುವವರಿಲ್ಲದಿದ್ದರೆ ಆಟ ರುಚಿಸದು. ಆದ್ದರಿಂದಲೇ ಫಿನ್ಲೆಂಡಿನ ಶಾಲೆಗಳಲ್ಲಿ ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮವು ಸುತ್ತ ನಿಂತ ಮಕ್ಕಳಿಗೇ ಹೆಚ್ಚು ತರಬೇತಿ ನೀಡುತ್ತದೆ. ನಮ್ಮ ಮಕ್ಕಳಿಗೆ ಮೂರು ಸಂಗತಿ ಕಲಿಸಿದರೆ ಸಾಕು: ನಗಬೇಡ, ನೊಂದವನ ಪಕ್ಕದಲ್ಲಿ ಹೋಗಿ ಕುಳಿತುಕೋ, ದೊಡ್ಡವರಿಗೆ ತಿಳಿಸು. ತಿಳಿಸುವುದು ಚಾಡಿಯಲ್ಲ.

ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತನ್ನಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ನೆರವು ಪಡೆಯಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಉಚಿತವಾಗಿ ದೊರೆಯುತ್ತವೆ.

ಆ ತೊದಲುವ ಹುಡುಗನ ಪಕ್ಕದಲ್ಲಿ ಅಂದು ಒಬ್ಬರಾದರೂ ಕುಳಿತಿದ್ದರೆ ಅವನು ಶಾಲೆ ಬಿಡುತ್ತಿರಲಿಲ್ಲವೇನೋ. ಆ ಜಾಗ ನಮ್ಮದಾಗಿತ್ತು, ನಾವು ಕೂರಲಿಲ್ಲ. ಇಂದು ಸಂಜೆ ಮಗು ಮನೆಗೆ ಬಂದಾಗ ಅಂಕದ ವಿಷಯ ಕೇಳುವ ಮೊದಲು ಯಾರ ಪಕ್ಕದಲ್ಲಿ ಕುಳಿತೆ ಎಂದು ಕೇಳೋಣ.