ಗಾಳದ ಕೋಲು ಕೊಳ್ಳುವ ಮುನ್ನ

ಬೇಸಿಗೆ ರಜೆ ಬಂತೆಂದರೆ ಭೈರುಂಬೆ ಸುತ್ತಮುತ್ತಲಿನ ಕೆರೆ, ಹಳ್ಳಗಳ ದಂಡೆಯಲ್ಲಿ ಕೋಲು ಹಿಡಿದು ಕುಳಿತ ಹುಡುಗರು ಕಾಣಸಿಗುತ್ತಾರೆ. ಮೊದಲೆಲ್ಲ ಅವರ ಕೈಯಲ್ಲಿ ಇರುತ್ತಿದ್ದುದು ಬಿದಿರಿನ ತುಂಡು, ಒಂದಷ್ಟು ನೈಲಾನ್ ದಾರ, ಡಬ್ಬಿಯೊಳಗೆ ಎರೆಹುಳು. ಈಗ ಟಿ.ವಿ., ಮೊಬೈಲುಗಳಲ್ಲಿ ವಿದೇಶಿ ಸರೋವರಗಳ ಟ್ರೌಟ್ ಬೇಟೆ ನೋಡಿ ರೀಲು, ಫ್ಲೈ, ಕಾರ್ಬನ್ ಕೋಲು ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಮೀನು ತಿನ್ನದ ಮನೆಗಳಲ್ಲಿಯೂ ‘ಹಿಡಿದು ಬಿಟ್ಟುಬಿಡುತ್ತೇನೆ’ ಎಂಬ ವಾದ ಕೇಳಿಬರುತ್ತದೆ. ಕೊಡಿಸಬೇಕೇ ಬೇಡವೇ, ಕೊಡಿಸಿದರೆ ಯಾವುದನ್ನು ಎಂದು ತಂದೆ ತಾಯಿಗೆ ಗೊಂದಲ. ಇದಕ್ಕೆ ಅಂಗಡಿಯವನ ಬಳಿ ಉತ್ತರವಿಲ್ಲ, ಉತ್ತರವಿರುವುದು ನೀರಿನಲ್ಲಿ.

ಮೊದಲು ಮೀನು, ಆಮೇಲೆ ಕೋಲು

ಟ್ರೌಟ್ ತಣ್ಣೀರಿನ ಮೀನು. ನೀರು ತಂಪಾಗಿದ್ದಷ್ಟೂ ಅದರಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ. ಟ್ರೌಟ್‌ಗೆ ಇದು ಸಾಲದು. ಆದ್ದರಿಂದಲೇ ಬ್ರಿಟಿಷರು ತಂದ ಟ್ರೌಟ್ ನೀಲಗಿರಿಯ ಎತ್ತರದ ತಂಪು ತೊರೆಗಳಲ್ಲಿ ನೆಲೆ ನಿಂತಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಚ್ಚನೆಯ ಕೆರೆಗಳಲ್ಲಿ ಅದು ಬದುಕಲಾರದು.

ನಮ್ಮ ಕೆರೆಗಳ ಬೇಟೆಗಾರನೇ ಬೇರೆ. ಕುಚ್ಚು ಮೀನು, ಕೊರಮೀನು ಎಂದೆಲ್ಲ ಕರೆಸಿಕೊಳ್ಳುವ ಹಾವಿನ ತಲೆಯ ಮೀನಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ಉಸಿರಾಡುವ ವಿಶೇಷ ಅಂಗವಿದೆ. ಕೆಸರಿನ ಬಿಸಿ ನೀರಿನಲ್ಲಿಯೂ ಅದು ಆಗಾಗ ಮೇಲೆ ಬಂದು ಗಾಳಿ ನುಂಗಿ ಬದುಕುತ್ತದೆ. ಕಾಟ್ಲಾ, ರೋಹುಗಳಂಥ ಗೆಂಡೆ ಜಾತಿಯ ಮೀನುಗಳು ಸಾಮಾನ್ಯವಾಗಿ ಕೆರೆಗೆ ಮರಿ ಬಿಟ್ಟು ಸಾಕಿದವು.

ಈ ವ್ಯತ್ಯಾಸವನ್ನು ಹಿಂದೆಯೇ ಕಂಡುಕೊಂಡಿದ್ದವರು ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಇವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಕೆರೆಯಲ್ಲಿ ಗಾಳ ಹಾಕುವುದಕ್ಕೆಂದೇ ಅವರು 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದರು. ಹೊಳೆಯ ಸಾಧನ ಬೇರೆ, ಕೆರೆಯ ಸಾಧನ ಬೇರೆ. ಕಪಿಲೆಯಲ್ಲಿ 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅಂಥ ಮೀನಿಗೆ ಬೇಕಾದ ಕೋಲನ್ನು ಅಡಿಕೆ ತೋಟದ ಕೆಳಗಿನ ಕೆರೆಗೆ ತಂದರೆ ಗುಬ್ಬಿಗೆ ಬ್ರಹ್ಮಾಸ್ತ್ರ ಹೂಡಿದಂತೆಯೇ ಸರಿ.

ಕೋಲು ಏಕೆ ಬಾಗಬೇಕು?

ಗಾಳದ ಕೋಲು ಮೂರನೆಯ ವರ್ಗದ ಸನ್ನೆ. ಬುಡದಲ್ಲಿ ಆನಿಕೆ, ಮಧ್ಯೆ ಕೈಯ ಬಲ, ತುದಿಯಲ್ಲಿ ಮೀನಿನ ಭಾರ. 2 ಮೀಟರ್ ಉದ್ದದ ಕೋಲನ್ನು ಬುಡದಿಂದ 25 ಸೆಂಟಿಮೀಟರ್ ಮೇಲೆ ಹಿಡಿದಿರಿ ಎನ್ನೋಣ. ತುದಿಯಲ್ಲಿ ಮೀನು ಅಡ್ಡಲಾಗಿ ಒಂದು ಕಿಲೋದಷ್ಟು ಜಗ್ಗಿದರೆ ಕೈ ಎಂಟು ಕಿಲೋದಷ್ಟು ಬಲ ಹಾಕಬೇಕು! ಸನ್ನೆಯ ಲಾಭವೆಲ್ಲ ಮೀನಿನ ಪಾಲಿಗೆ. ಹಾಗಾದರೆ ಉದ್ದದ ಕೋಲು ಏಕೆ? ಬೀಸಿದಾಗ ತುದಿಗೆ ವೇಗ ಬರುವುದಕ್ಕೆ ಮತ್ತು ಮೀನು ಜಗ್ಗಿದಾಗ ಬಾಗುವುದಕ್ಕೆ.

ಕ್ಯಾಚ್ ಹಿಡಿಯುವ ಕ್ರಿಕೆಟ್ ಆಟಗಾರ ಚೆಂಡಿನೊಡನೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ನೀವು ನೋಡಿದ್ದೀರಿ. ಚೆಂಡು ನಿಲ್ಲಲು ಹತ್ತು ಪಟ್ಟು ಹೆಚ್ಚು ಸಮಯ ಸಿಕ್ಕರೆ ಕೈಗೆ ಬೀಳುವ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಾಗುವ ಕೋಲು ಮಾಡುವ ಕೆಲಸವೂ ಇದೇ. ಬಾಗದ ಗಟ್ಟಿ ಕೋಲಿಗೆ ದೊಡ್ಡ ಮೀನು ಸಿಕ್ಕರೆ ದಾರ ತುಂಡಾಗುತ್ತದೆ. ಬಾಯಲ್ಲಿ ಗಾಳ ಸಿಕ್ಕಿಕೊಂಡ ಮೀನು ದಾರ ಎಳೆದುಕೊಂಡು ಹೋಗಿ ನರಳುತ್ತದೆ. ತುದಿಯತ್ತ ಸಪೂರವಾಗುತ್ತ ಹೋಗುವ ಬಿದಿರು ಕಲಿಯುವ ಹುಡುಗರಿಗೆ ಏನೂ ಕಡಿಮೆಯಲ್ಲ. ಬಿದಿರಿನ ಗಟ್ಟಿ ನಾರುಗಳು ಹೊರ ಅಂಚಿನಲ್ಲಿ ಒತ್ತಾಗಿರುವುದರಿಂದ ಅದು ಹಗುರವೂ ಹೌದು, ಬಳುಕುವುದೂ ಹೌದು.

ಕಾರ್ಬನ್ ಕೋಲಿನ ಅಪಾಯ

ಅಡಿಕೆ ಕೊಯ್ಲಿಗೆ, ಔಷಧಿ ಹೊಡೆಯಲು ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯನ್ನು ನಮ್ಮ ಮಕ್ಕಳು ಬಲ್ಲರು. ಬೆಲೆಬಾಳುವ ಗಾಳದ ಕೋಲುಗಳೂ ಇದೇ ವಸ್ತುವಿನವು. ಹಗುರ, ಗಟ್ಟಿ ಎಂಬುದೆಲ್ಲ ನಿಜ. ಆದರೆ ಕಾರ್ಬನ್ ವಿದ್ಯುತ್ ವಾಹಕ. ವಿದ್ಯುತ್ ತಂತಿಗೆ ತಗುಲಿದರೆ, ಕೆಲವೊಮ್ಮೆ ತೀರಾ ಹತ್ತಿರ ಹೋದರೂ ಸಾಕು, ಪ್ರಾಣಕ್ಕೆ ಸಂಚಕಾರ. ಕೆರೆಯ ಏರಿಯ ಮೇಲೆ ತಂತಿ ಹಾದುಹೋಗಿರುವ ಕಡೆ ಕೋಲು ಬೀಸಲೇಬಾರದು. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗಿನ ಸದ್ದು ಕಿವಿಗೆ ಬಿದ್ದೊಡನೆ ಕೋಲು ಕೆಳಗಿಟ್ಟು, ನೀರಿನಿಂದ ದೂರ ಸರಿದು, ಮನೆಯೊಳಗೆ ಸೇರಬೇಕು. ಒಂಟಿ ಮರದ ಕೆಳಗೆ ನಿಲ್ಲುವುದೂ ಸಲ್ಲದು. ಪಾಲಕರು ಮಕ್ಕಳಿಗೆ ಕೋಲು ಕೊಡಿಸುವ ದಿನವೇ ಹೇಳಬೇಕಾದ ಮೊದಲ ಮಾತು ಇದು. ಎರಡನೆಯದು, ಹಿರಿಯರೊಬ್ಬರು ಜೊತೆಗಿಲ್ಲದೆ ನೀರಿನ ದಂಡೆಗೆ ಹೋಗಬಾರದೆಂಬುದು.

ದಾರಕ್ಕೂ ತೂಕವಿದೆ

ಸಾಮಾನ್ಯ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಲೆಕೆಳಗು. ಗರಿ, ದಾರ ಸುತ್ತಿ ಮಾಡಿದ ಹುಸಿ ನೊಣಕ್ಕೆ ತೂಕವೇ ಇಲ್ಲ. ಹೀಗಾಗಿ ದಪ್ಪನೆಯ ದಾರದ ತೂಕವೇ ನೊಣವನ್ನು ಹೊತ್ತೊಯ್ಯಬೇಕು. ಈ ದಾರಗಳಿಗೆ ಸಂಖ್ಯೆಗಳಿವೆ. ಸಣ್ಣ ಟ್ರೌಟ್ ಸರೋವರಗಳಲ್ಲಿ ಹೆಚ್ಚಾಗಿ ಬಳಸುವ 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಕೋಲಿನ ಮೇಲೂ ಅದೇ ಸಂಖ್ಯೆ ಇರಬೇಕು. ತೇಲುವ ದಾರ, ಮುಳುಗುವ ದಾರ ಎಂಬ ಎರಡು ಬಗೆ ಇರುವುದು ಸಾಂದ್ರತೆಯ ಲೆಕ್ಕದಿಂದ. ದೋಣಿಯನ್ನು ನಿಧಾನವಾಗಿ ಹುಟ್ಟು ಹಾಕುತ್ತ ಹಿಂದೆ ದಾರ ಎಳೆದುಕೊಂಡು ಹೋಗುವ ‘ಟ್ರೋಲಿಂಗ್’ ಕ್ರಮದಲ್ಲಿ ಆಳದ ಮೀನನ್ನು ಮುಟ್ಟಲು ಮುಳುಗುವ ದಾರ ಬೇಕು. ನಮ್ಮ ಚಿಕ್ಕ ಕೆರೆಗಳಲ್ಲಿ ದಂಡೆಯೇ ಸಾಕು. ಟ್ರೋಲಿಂಗ್ ಸಾಧನಕ್ಕೆ ಹಣ ಸುರಿಯಬೇಕಿಲ್ಲ.

ನೈಲಾನ್ ದಾರದ ಸುರುಳಿಯ ಮೇಲೆ ಅದು ತಡೆಯುವ ಭಾರವನ್ನು ಮುದ್ರಿಸಿರುತ್ತಾರೆ. ಗಂಟು ಹಾಕಿದ ಕಡೆ ಈ ಶಕ್ತಿ ಕಡಿಮೆಯಾಗುತ್ತದೆ. ಗಂಟು ಬಿಗಿಯುವಾಗ ಘರ್ಷಣೆಯಿಂದ ಹುಟ್ಟುವ ಶಾಖ ನೈಲಾನನ್ನು ದುರ್ಬಲಗೊಳಿಸುವುದರಿಂದ ಮೊದಲು ಗಂಟನ್ನು ನೀರಿನಲ್ಲಿ ಒದ್ದೆ ಮಾಡಬೇಕು. ತುಂಡಾದ ದಾರವನ್ನು ದಂಡೆಯಲ್ಲಿ ಎಸೆಯುವುದು ಮಹಾಪರಾಧ. ನೈಲಾನ್ ಕೊಳೆಯುವುದಿಲ್ಲ, ಬೆಳ್ಳಕ್ಕಿಯ ಕಾಲಿಗೆ ಸುತ್ತಿಕೊಂಡರೆ ಅದು ಹಾರಲಾರದೆ ಸಾಯುತ್ತದೆ. ಸೋಂದಾದ ಮುಂಡಿಗೆಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀಸದ ಗುಂಡೂ ಹಾಗೆಯೇ. ಕಲ್ಲಿನ ಹರಳೆಂದು ನುಂಗಿದ ಹಂಸಗಳು ವಿಷವೇರಿ ಸಾಯುತ್ತಿದ್ದುದರಿಂದ ಬ್ರಿಟನ್ ಬಹುಪಾಲು ಸೀಸದ ಗುಂಡುಗಳನ್ನು 1987ರಲ್ಲಿಯೇ ನಿಷೇಧಿಸಿತು. ಭಾರ ಬೇಕೆಂದರೆ ಕಬ್ಬಿಣದ ಸಣ್ಣ ನಟ್ಟು ಸಾಕು.

ಮುಳ್ಳಿಲ್ಲದ ಗಾಳ

ಗಾಳದ ಸಂಖ್ಯೆಯ ಲೆಕ್ಕ ಉಲ್ಟಾ: ಸಂಖ್ಯೆ ದೊಡ್ಡದಾದಷ್ಟೂ ಗಾಳ ಚಿಕ್ಕದು. 6ಕ್ಕಿಂತ 12 ಸಣ್ಣದು. ಮೊನೆಯ ಹಿಂದಿರುವ ಹಿಮ್ಮುಖ ಮುಳ್ಳು ಮೀನಿನ ಬಾಯಿಂದ ಗಾಳ ಕಳಚದಂತೆ ತಡೆಯುತ್ತದೆ; ತೆಗೆಯುವಾಗ ಮಾಂಸ ಹರಿಯುವುದೂ ಅದರಿಂದಲೇ. ಹಿಡಿದು ಬಿಡುವವರು ಇಕ್ಕಳದಿಂದ ಆ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡಬೇಕು. ಹುಡುಗರ ಬೆರಳಿಗೆ ಚುಚ್ಚಿಕೊಂಡರೂ ಆಗ ಸುಲಭವಾಗಿ ಹೊರಬರುತ್ತದೆ. ಮೀನನ್ನು ಒಣ ಕೈಯಿಂದ ಮುಟ್ಟಿದರೆ ಅದರ ಮೈಮೇಲಿನ ಲೋಳೆ ಅಳಿಸಿ ರೋಗ ತಗಲುವ ಸಂಭವವಿದೆ. ಆದ್ದರಿಂದ ಕೈ ಒದ್ದೆ ಮಾಡಿ, ಸಾಧ್ಯವಾದಷ್ಟು ನೀರಿನಲ್ಲಿಯೇ ಇಟ್ಟು ಗಾಳ ಬಿಡಿಸಬೇಕು.

ಯಾವಾಗ ಹಾಕಬಾರದು?

ಎಷ್ಟು ಒಳ್ಳೆಯ ಸಾಧನವಿದ್ದರೂ ಹೊತ್ತು ತಪ್ಪಿದರೆ ಅದು ಹಿಂಸೆಯೇ. ಕುಚ್ಚು ಮೀನಿನ ಮರಿಗಳು ಕೆಂಪು ಕೆಂಪಾಗಿ ಗುಂಪುಗೂಡಿ ನೀರಿನ ಮೇಲ್ಪದರದಲ್ಲಿ ಸುಳಿದಾಡುತ್ತವೆ. ಕೆಳಗೆ ತಂದೆ ತಾಯಿ ಕಾವಲು ಕಾಯುತ್ತಿರುತ್ತವೆ. ಆ ಗುಂಪಿನ ಬಳಿ ಏನೇ ಬಿದ್ದರೂ ಹಸಿವಿನಿಂದಲ್ಲ, ಸಿಟ್ಟಿನಿಂದ ಬಾಯಿ ಹಾಕುತ್ತವೆ. ಇದನ್ನು ಬಲ್ಲವರು ಅಲ್ಲಿಯೇ ಗಾಳ ಎಸೆದು ದೊಡ್ಡ ಮೀನು ಹಿಡಿದೆವೆಂದು ಬೀಗುತ್ತಾರೆ. ಹಿಡಿದದ್ದು ಒಂದಾದರೂ ಕಾವಲಿಲ್ಲದೆ ಇತರ ಮೀನುಗಳ ಬಾಯಿಗೆ ಬೀಳುವ ಮರಿಗಳು ನೂರಾರು. ಕೆಂಪು ಗುಂಪು ಕಂಡಲ್ಲಿ ಕೋಲು ಮಡಚಿಡುವುದು ಗಾಳಗಾರನ ಮೊದಲ ಮರ್ಯಾದೆ.

ಹಾಗೆಯೇ ಮೃಗಶಿರ, ಆರಿದ್ರಾ ಮಳೆಗೆ ಹಳ್ಳ ತುಂಬಿ ಹರಿಯುವಾಗ ಅನೇಕ ಮೀನುಗಳು ಮೊಟ್ಟೆ ಇಡಲು ಪ್ರವಾಹಕ್ಕೆ ಎದುರಾಗಿ ಗದ್ದೆಯ ಬದು, ತೋಟದ ಕಾಲುವೆಗಳತ್ತ ಹತ್ತುತ್ತವೆ. ಆಗ ಅವುಗಳನ್ನು ಬಿಟ್ಟುಬಿಡಬೇಕು. ಸಿಡಿಮದ್ದು, ವಿಷಗಳನ್ನಂತೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು. ಕೆರೆಯನ್ನು ಮೀನು ಸಾಕಣೆಗೆ ಗುತ್ತಿಗೆ ಕೊಟ್ಟಿರಬಹುದು. ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ ಒಪ್ಪಿಗೆ ಪಡೆಯಬೇಕು.

ಒಂದು ತಿಂಗಳ ನೋಟ್ ಪುಸ್ತಕ

ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ (1938–2007) ಗಾಳ ಹಾಕುವುದು ಪ್ರಿಯವಾದ ಹವ್ಯಾಸವಾಗಿತ್ತು. ಹಕ್ಕಿ, ಕೀಟ, ಕಾಡುಗಳನ್ನು ಗಮನಿಸಿ ಬರೆದ ಅವರಿಗೆ ನೀರಿನ ದಂಡೆಯೂ ಒಂದು ಪಾಠಶಾಲೆ. ಮಕ್ಕಳೂ ಆ ಪಾಠಶಾಲೆಗೆ ಸೇರಬಹುದು. ಅದಕ್ಕೆ ಬೇಕಾದ ಮೊದಲ ಸಾಧನ ಕೋಲಲ್ಲ, ಒಂದು ನೋಟ್ ಪುಸ್ತಕ ಮತ್ತು ಒಂದು ಉಷ್ಣತಾಮಾಪಕ. ಒಂದು ತಿಂಗಳು ಬೆಳಿಗ್ಗೆ, ಸಂಜೆ ನೀರಿನ ಉಷ್ಣತೆ ಎಷ್ಟು, ಯಾವ ಮೀನು ಎಷ್ಟು ಹೊತ್ತಿಗೊಮ್ಮೆ ಗಾಳಿಗೆ ಮೇಲೆ ಬಂತು, ನೀರಿನ ಮೇಲೆ ಯಾವ ಹುಳು ಬಿದ್ದಿತ್ತು ಎಂದು ಬರೆದಿಡಲಿ. ತಿಂಗಳು ಮುಗಿಯುವಷ್ಟರಲ್ಲಿ ತನ್ನ ಕೆರೆಗೆ ಯಾವ ದಾರ, ಎಷ್ಟು ಸಣ್ಣ ಗಾಳ ಬೇಕೆಂದು ಹುಡುಗನೇ ಅಥವಾ ಹುಡುಗಿಯೇ ಅಂಗಡಿಯವನಿಗೆ ಹೇಳುವಂತಾಗುತ್ತದೆ. ಗಾಳ ಕೊಡಿಸಲು ಪಾಲಕರು ಆಗ ಒಪ್ಪಬಹುದು. ಅಷ್ಟರಲ್ಲಿ ನೋಡುವುದರಲ್ಲಿಯೇ ಸಾಕಷ್ಟು ಸಂತೋಷವಿದೆಯೆಂದು ಮಕ್ಕಳಿಗೆ ಅನ್ನಿಸಿದರೆ ಖರ್ಚೂ ಉಳಿಯಿತು, ಮೀನೂ ಉಳಿಯಿತು!