ಮೊಬೈಲ್ ಓದುಗರಿಗಾಗಿ ಪ್ರಚಾರ ಮಿಂಚಂಚೆಯ ವಿನ್ಯಾಸ

ಮೊಬೈಲ್ ಓದುಗರಿಗಾಗಿ ಪ್ರಚಾರ ಮಿಂಚಂಚೆಯ ವಿನ್ಯಾಸ ಎಂದರೆ ವ್ಯಾಪಾರ ಸಂಸ್ಥೆಗಳು, ಪ್ರಕಾಶಕರು, ಸೇವಾ ಸಂಘಟನೆಗಳು ಮೊದಲಾದವರು ತಮ್ಮ ಗ್ರಾಹಕರಿಗೆ ಕಳುಹಿಸುವ ಪ್ರಚಾರದ ಇಮೇಲ್‌ಗಳನ್ನು ಮೊಬೈಲ್ ಫೋನಿನ ಕಿರುಪರದೆಯಲ್ಲಿ ಸುಲಭವಾಗಿ ಓದಿ, ಅರ್ಥಮಾಡಿಕೊಂಡು, ಬೇಕೆನಿಸಿದರೆ ಪ್ರತಿಕ್ರಿಯಿಸಲು ಅನುಕೂಲವಾಗುವಂತೆ ರೂಪಿಸುವ ಕ್ರಮ. ಬರವಣಿಗೆ, ಪುಟವಿನ್ಯಾಸ, ತಂತ್ರಜ್ಞಾನ ಮತ್ತು ಕಾನೂನು ಈ ನಾಲ್ಕೂ ಇದರಲ್ಲಿ ಸೇರಿವೆ. ಗಣಕಯಂತ್ರದ ದೊಡ್ಡ ಪರದೆಗೆಂದು ಸಿದ್ಧಪಡಿಸಿದ ಪತ್ರವನ್ನು ಕಿರಿದುಗೊಳಿಸಿದ ಮಾತ್ರಕ್ಕೆ ಅದು ಮೊಬೈಲಿಗೆ ಒಗ್ಗುವುದಿಲ್ಲ. ಬೇರೆ ಕೆಲಸಗಳ ನಡುವೆ, ಅಂಗೈಯಲ್ಲಿ ಫೋನು ಹಿಡಿದು, ಹೆಬ್ಬೆರಳಿನಿಂದ ಸರಿಸುತ್ತ ಓದುವವರಿಗೆ ಪತ್ರವು ಏನು ಹೇಳುತ್ತದೆ, ತಮ್ಮಿಂದ ಏನನ್ನು ಕೇಳುತ್ತದೆ ಎಂಬುದು ಮೊದಲ ನೋಟದಲ್ಲಿಯೇ ತಿಳಿಯಬೇಕು. ಆದುದರಿಂದ ಒಂದು ಪತ್ರಕ್ಕೆ ಒಂದೇ ಉದ್ದೇಶವಿರಬೇಕು ಎಂಬುದು ಈ ವಿನ್ಯಾಸದ ಮೂಲಸೂತ್ರ.

ಹಿನ್ನೆಲೆ

ಜಾಲದ ಮೂಲಕ ಒಂದು ಗಣಕದಿಂದ ಮತ್ತೊಂದಕ್ಕೆ ಸಂದೇಶ ಕಳುಹಿಸುವ ಕ್ರಮವನ್ನು ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ 1971ರಲ್ಲಿ ಅರ್ಪಾನೆಟ್‌ನಲ್ಲಿ ರೂಪಿಸಿದರು. ಅದೇ ಜಾಲದಲ್ಲಿ 1978ರ ಮೇ ತಿಂಗಳಿನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ಹೊಸ ಗಣಕಗಳ ಪ್ರದರ್ಶನಕ್ಕೆ ಆಹ್ವಾನ ನೀಡಿ ಸುಮಾರು 400 ಜನರಿಗೆ ಒಮ್ಮೆಗೇ ಸಂದೇಶ ಕಳುಹಿಸಿದರು. ಇದನ್ನು ಮೊದಲ ಸಾಮೂಹಿಕ ಪ್ರಚಾರ ಮಿಂಚಂಚೆ ಎಂದು ಗುರುತಿಸಲಾಗುತ್ತದೆ. ಕೇಳದೆಯೇ ಬಂದ ಈ ಪತ್ರಕ್ಕೆ ಆಕ್ಷೇಪಗಳೂ ಬಂದವು. ಗ್ರಾಹಕರನ್ನು ತಲುಪುವ ಸೌಕರ್ಯ ಮತ್ತು ಗ್ರಾಹಕರ ನೆಮ್ಮದಿ ಇವೆರಡರ ನಡುವಿನ ತಿಕ್ಕಾಟ ಹೀಗೆ ಆರಂಭದಿಂದಲೂ ಇದೆ.

ಚಿತ್ರ, ಬಣ್ಣ, ಕೊಂಡಿಗಳಿರುವ ಎಚ್‌ಟಿಎಂಎಲ್ ಪತ್ರಗಳು ಬಳಕೆಗೆ ಬಂದ ಮೇಲೆ ಸುಮಾರು 600 ಪಿಕ್ಸೆಲ್ ಅಗಲದ ಪುಟವು ರೂಢಿಯಾಯಿತು. 2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನುಗಳು ಮಾರುಕಟ್ಟೆಗೆ ಬಂದವು. ಮೊದಲ ಐಫೋನಿನ ಪರದೆಯ ಅಗಲ ಕೇವಲ 320 ಪಿಕ್ಸೆಲ್. 600ರ ಪುಟವನ್ನು 320ರಲ್ಲಿ ಅಡಕಗೊಳಿಸಿದಾಗ ಅಕ್ಷರಗಳು ಹೆಚ್ಚುಕಡಿಮೆ ಅರ್ಧದಷ್ಟಾಗುತ್ತವೆ. ಓದುಗರು ಬೆರಳುಗಳಿಂದ ಪುಟವನ್ನು ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಎಳೆದಾಡಬೇಕಾಗುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಈಥನ್ ಮಾರ್ಕಾಟ್ 2010ರ ಮೇ ತಿಂಗಳಿನಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಜಾಲಪುಟದ ಕಲ್ಪನೆಯನ್ನು ಮಂಡಿಸಿದರು. ಇದಕ್ಕೆ 'ಸ್ಪಂದನಶೀಲ ವಿನ್ಯಾಸ' ಎಂದು ಹೆಸರು. ಇದಕ್ಕೆ ನೆರವಾಗುವ 'ಮೀಡಿಯಾ ಕ್ವೆರಿ' ಎಂಬ ಸೂಚನೆಗಳನ್ನು ಜಿಮೇಲ್ 2016ರಿಂದ ಬೆಂಬಲಿಸತೊಡಗಿತು. ಎಲ್ಲ ಮಿಂಚಂಚೆ ತಂತ್ರಾಂಶಗಳೂ ಒಂದೇ ಬಗೆಯವಲ್ಲ. ವಿಂಡೋಸ್‌ನ ಔಟ್‌ಲುಕ್ 2007ರ ಆವೃತ್ತಿಯಿಂದ ಪುಟವನ್ನು ತೋರಿಸಲು ಬಹುಕಾಲ ವರ್ಡ್ ತಂತ್ರಾಂಶದ ವ್ಯವಸ್ಥೆಯನ್ನೇ ಬಳಸಿತು. ಆದುದರಿಂದ ವಿನ್ಯಾಸವು ಸರಳವಾದಷ್ಟೂ ಎಲ್ಲೆಡೆ ಕೆಡದೆ ಕಾಣುತ್ತದೆ.

ಇನ್‌ಬಾಕ್ಸಿನಲ್ಲಿ ಕಾಣುವ ಮೂರು ಸಾಲುಗಳು

ಪತ್ರವನ್ನು ತೆರೆಯುವ ಮುನ್ನ ಓದುಗರಿಗೆ ಕಾಣುವುದು ಮೂರೇ ಅಂಶಗಳು. ತೆರೆಯಬೇಕೇ, ಅಳಿಸಬೇಕೇ ಎಂಬ ನಿರ್ಧಾರ ಇವುಗಳ ಮೇಲೆಯೇ ನಿಲ್ಲುತ್ತದೆ.

• ಕಳುಹಿಸಿದವರ ಹೆಸರು: ಓದುಗರು ಗುರುತಿಸಬಲ್ಲ ಹೆಸರಿರಬೇಕು. ಪ್ರತಿ ಬಾರಿಯೂ ಹೆಸರನ್ನು ಬದಲಿಸಿದರೆ ಅನುಮಾನ ಹುಟ್ಟುತ್ತದೆ.

• ವಿಷಯದ ಸಾಲು: ಫೋನಿನಲ್ಲಿ ಸಾಮಾನ್ಯವಾಗಿ 30ರಿಂದ 40 ರೋಮನ್ ಅಕ್ಷರಗಳಷ್ಟು ಮಾತ್ರ ಕಾಣುತ್ತವೆ, ಉಳಿದದ್ದು ಕತ್ತರಿಸಿಹೋಗುತ್ತದೆ. ಮುಖ್ಯವಾದ ಮಾತು ಸಾಲಿನ ಆರಂಭದಲ್ಲಿಯೇ ಬರಬೇಕು.

• ಮುನ್ನೋಟದ ಸಾಲು: ವಿಷಯದ ಸಾಲಿನ ಕೆಳಗೆ ಮಸುಕಾಗಿ ಕಾಣುವ ಬರಹವಿದು. ವಿನ್ಯಾಸಕಾರರು ಇದನ್ನು ಪ್ರತ್ಯೇಕವಾಗಿ ಬರೆಯದಿದ್ದರೆ ಪತ್ರದ ಮೊದಲ ಪದಗಳು ತಾವಾಗಿಯೇ ಅಲ್ಲಿ ಬಂದು ಕೂರುತ್ತವೆ. 'ಪತ್ರ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ' ಎಂಬಂಥ ಮಾತು ಆ ಜಾಗವನ್ನು ವ್ಯರ್ಥಗೊಳಿಸುತ್ತದೆ.

ಪುಟದ ರಚನೆ

ಮೊಬೈಲ್ ಪತ್ರಕ್ಕೆ ಒಂದೇ ಕಂಬಸಾಲು ಸೂಕ್ತ. ಅಕ್ಕಪಕ್ಕದ ಎರಡು ಕಂಬಸಾಲುಗಳು ಕಿರುಪರದೆಯಲ್ಲಿ ಇಕ್ಕಟ್ಟಾಗುತ್ತವೆ. ಮುಖ್ಯ ಸುದ್ದಿ ಮೇಲೆ, ವಿವರ ಅದರ ಕೆಳಗೆ, ಷರತ್ತುಗಳು ಕೊನೆಗೆ ಎಂಬ ಕ್ರಮವನ್ನು ವೃತ್ತಪತ್ರಿಕೆಯ ವರದಿಗೆ ಹೋಲಿಸಬಹುದು. ಓದುಗರು ನಡುವೆಯೇ ನಿಲ್ಲಿಸಿದರೂ ಮುಖ್ಯ ವಿಷಯ ಅವರನ್ನು ತಲುಪಿರುತ್ತದೆ.

ಬರಹದ ಅಕ್ಷರಗಳು ಸುಮಾರು 16 ಪಿಕ್ಸೆಲ್ ಗಾತ್ರದಲ್ಲಿದ್ದರೆ ಹಿಗ್ಗಿಸದೆ ಓದಬಹುದು. ಬಣ್ಣಗಳ ಆಯ್ಕೆಗೆ ಜಾಲಪುಟಗಳ ಸುಗಮತೆಯ ಮಾರ್ಗಸೂಚಿಯೊಂದು ಆಧಾರವಾಗಿದೆ. ಅದರಂತೆ ಸಾಮಾನ್ಯ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರ ವ್ಯತ್ಯಾಸವಿರಬೇಕು. ಬಿಸಿಲಿನಲ್ಲಿ ಓದುವವರಿಗೂ ವಯಸ್ಸಾದವರಿಗೂ ಬಿಳಿಯ ಮೇಲಿನ ತಿಳಿಬೂದು ಅಕ್ಷರಗಳು ಕಾಣದೇ ಹೋಗಬಹುದು. 2019ರಲ್ಲಿ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ ಬಂದ 'ಡಾರ್ಕ್ ಮೋಡ್' ಕೆಲವು ಪತ್ರಗಳ ಬಣ್ಣಗಳನ್ನು ತಿರುವುಮುರುವಾಗಿಸುತ್ತದೆ. ಕಪ್ಪು ಅಕ್ಷರಗಳ ಪಾರದರ್ಶಕ ಲಾಂಛನವು ಆಗ ಕಪ್ಪು ಹಿನ್ನೆಲೆಯಲ್ಲಿ ಮಾಯವಾಗಬಹುದು.

ಮೌಸ್‌ನ ಸೂಚಿಗಿಂತ ಬೆರಳಿನ ತುದಿ ಬಹಳ ದೊಡ್ಡದು. ಒತ್ತುವ ಗುಂಡಿಯು ಕನಿಷ್ಠ 44 ಪಾಯಿಂಟ್ ಉದ್ದಗಲ ಇರಬೇಕೆಂದು ಆಪಲ್‌ನ ಮಾರ್ಗಸೂಚಿಯೂ, 48 ಘಟಕ ಇರಬೇಕೆಂದು ಗೂಗಲ್‌ನ ಮಾರ್ಗಸೂಚಿಯೂ ಹೇಳುತ್ತವೆ. ಒತ್ತೊತ್ತಾಗಿ ಜೋಡಿಸಿದ ಕೊಂಡಿಗಳಲ್ಲಿ ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತುವಂತಾಗುತ್ತದೆ. ಗುಂಡಿಯ ಮೇಲಿನ ಬರಹವೂ ಸ್ಪಷ್ಟವಾಗಿರಬೇಕು. 'ಇಲ್ಲಿ ಒತ್ತಿ' ಎನ್ನುವುದಕ್ಕಿಂತ 'ಟಿಕೆಟ್ ಕಾಯ್ದಿರಿಸಿ' ಎಂಬುದು ಮುಂದೆ ಆಗಲಿರುವುದನ್ನು ತಿಳಿಸುತ್ತದೆ.

ಚಿತ್ರಗಳು ಮತ್ತು ಪತ್ರದ ಗಾತ್ರ

ಇಡೀ ಜಾಹೀರಾತನ್ನು ಒಂದೇ ಚಿತ್ರವಾಗಿ ಕಳುಹಿಸುವ ರೂಢಿ ಅನೇಕ ಕಡೆ ಇದೆ. ಇದರಿಂದ ಮೂರು ತೊಂದರೆಗಳಿವೆ. ಸಂಪರ್ಕ ದುರ್ಬಲವಾಗಿದ್ದಲ್ಲಿ ಅಥವಾ ಚಿತ್ರಗಳನ್ನು ತಡೆಹಿಡಿದಿದ್ದಲ್ಲಿ ಖಾಲಿ ಚೌಕ ಮಾತ್ರ ಕಾಣುತ್ತದೆ. ಚಿತ್ರವನ್ನು ಪರದೆಗೆ ಕುಗ್ಗಿಸಿದಾಗ ಅದರೊಳಗಿನ ಅಕ್ಷರಗಳೂ ಕುಗ್ಗುತ್ತವೆ. ದೃಷ್ಟಿದೋಷವುಳ್ಳವರು ಬಳಸುವ, ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ. ಮುಖ್ಯ ಮಾಹಿತಿಯನ್ನು ಬರಹದಲ್ಲಿಯೇ ಕೊಟ್ಟು, ಪ್ರತಿ ಚಿತ್ರಕ್ಕೂ ಅದರ ಅರ್ಥವನ್ನು ಹೇಳುವ ಬದಲಿ ಪಠ್ಯವನ್ನು ಸೇರಿಸುವುದು ಇದಕ್ಕೆ ಪರಿಹಾರ. ಅಲ್ಲದೆ ಪತ್ರದ ಎಚ್‌ಟಿಎಂಎಲ್ ಭಾಗವು ಸುಮಾರು 102 ಕಿಲೋಬೈಟ್ ಮೀರಿದರೆ ಜಿಮೇಲ್ ಉಳಿದುದನ್ನು ಕತ್ತರಿಸಿ ಮರೆಮಾಡುತ್ತದೆ.

ಕನ್ನಡ ಲಿಪಿಯ ವಿಶೇಷಗಳು

ಕನ್ನಡದಲ್ಲಿ ಬರೆಯುವ ಪ್ರಚಾರ ಪತ್ರಗಳಿಗೆ ಕೆಲವು ವಿಶೇಷ ಎಚ್ಚರಿಕೆಗಳು ಅಗತ್ಯ.

• ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳಲ್ಲಿ ಎರಡೆರಡು ಒತ್ತುಗಳಿವೆ. ಇಂಗ್ಲಿಷ್ ಬರಹಕ್ಕೆ ಸಾಕಾಗುವ ಸಾಲುಗಳ ಅಂತರ ಕನ್ನಡಕ್ಕೆ ಸಾಲದು. ಅಕ್ಷರದ ಗಾತ್ರದ ಒಂದೂವರೆ ಪಟ್ಟು ಅಥವಾ ಅದಕ್ಕೂ ತುಸು ಹೆಚ್ಚು ಅಂತರ ಕೊಡುವುದು ಒಳ್ಳೆಯದು.

• ಕನ್ನಡದ ಅಕ್ಷರಗಳು ರೋಮನ್ ಅಕ್ಷರಗಳಿಗಿಂತ ಅಗಲ. ವಿಷಯದ ಸಾಲಿನಲ್ಲಿ ಕಾಣುವ ಪದಗಳು ಇನ್ನೂ ಕಡಿಮೆಯಾಗುತ್ತವೆ.

• ಯುಟಿಎಫ್-8 ಸಂಕೇತಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಕಣ್ಣಿಗೆ ಮೂರು ಅಕ್ಷರವಾಗಿ ಕಾಣುವ 'ಕನ್ನಡ' ಪದದಲ್ಲಿ ಐದು ಸಂಕೇತಗಳಿದ್ದು, ಅದು 15 ಬೈಟ್ ಆಗುತ್ತದೆ. ಉದ್ದವಾದ ಕನ್ನಡ ಪತ್ರ ಜಿಮೇಲ್‌ನ ಮಿತಿಯನ್ನು ಬೇಗ ಮುಟ್ಟುತ್ತದೆ.

• ನುಡಿ, ಬರಹ ಮುಂತಾದ ತಂತ್ರಾಂಶಗಳ ಯೂನಿಕೋಡ್-ಪೂರ್ವ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಹಾಗೆಯೇ ಅಂಟಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಒಂದು ಉದಾಹರಣೆ

ಪುಸ್ತಕ ಪ್ರಕಾಶಕರೊಬ್ಬರು ರಾಜ್ಯೋತ್ಸವದ ರಿಯಾಯಿತಿ ಮಾರಾಟವನ್ನು ಓದುಗರಿಗೆ ತಿಳಿಸಬೇಕಾಗಿದೆ ಎಂದು ಭಾವಿಸೋಣ. ವಿಷಯದ ಸಾಲಿನಲ್ಲಿ 'ನಮ್ಮ ಪ್ರಕಾಶನ ಸಂಸ್ಥೆಯ ವತಿಯಿಂದ ಸಮಸ್ತ ಓದುಗ ಬಂಧುಗಳಿಗೆ ರಾಜ್ಯೋತ್ಸವದ ಶುಭಾಶಯಗಳು ಹಾಗೂ ವಿಶೇಷ ಪ್ರಕಟಣೆ' ಎಂದು ಬರೆದರೆ ಫೋನಿನಲ್ಲಿ 'ನಮ್ಮ ಪ್ರಕಾಶನ ಸಂಸ್ಥೆಯ ವತಿಯಿಂದ' ಎಂಬಷ್ಟೇ ಕಂಡೀತು. ಅದರ ಬದಲು 'ಕಾದಂಬರಿಗಳಿಗೆ ಅರ್ಧ ಬೆಲೆ' ಎಂದು ವಿಷಯದ ಸಾಲಿನಲ್ಲಿಯೂ, 'ನವೆಂಬರ್ 30ರವರೆಗೆ. ಅಂಚೆವೆಚ್ಚ ಪ್ರತ್ಯೇಕ' ಎಂದು ಮುನ್ನೋಟದಲ್ಲಿಯೂ ಬರೆಯಬಹುದು. ಪತ್ರದೊಳಗೆ ಒಂದು ಮುಖಪುಟದ ಚಿತ್ರ, ನಾಲ್ಕೈದು ಸಾಲಿನ ವಿವರಣೆ ಮತ್ತು 'ಪುಸ್ತಕಗಳ ಪಟ್ಟಿ ನೋಡಿ' ಎಂಬ ಒಂದು ಗುಂಡಿ ಇದ್ದರೆ ಸಾಕು. ಹೊಸ ಪ್ರಕಟಣೆ, ವಿಚಾರ ಸಂಕಿರಣ, ಲೇಖಕರ ಸಂದರ್ಶನ ಇವೆಲ್ಲಕ್ಕೂ ಬೇರೆ ಪತ್ರಗಳಿರಲಿ. ಅಂಚೆವೆಚ್ಚದ ವಿಷಯವನ್ನು ಮೊದಲೇ ತಿಳಿಸುವುದರಿಂದ ಹಣ ಪಾವತಿಸುವ ಹಂತದಲ್ಲಿ ಓದುಗರಿಗೆ ಮೋಸಹೋದ ಭಾವನೆ ಬರುವುದಿಲ್ಲ.

ಪರೀಕ್ಷೆ ಮತ್ತು ಅಳತೆ

ಕಳುಹಿಸುವ ಮುನ್ನ ಪತ್ರವನ್ನು ಹಲವು ಬಗೆಯ ಫೋನುಗಳಲ್ಲಿ, ಚಿತ್ರಗಳನ್ನು ಮರೆಮಾಡಿಯೂ ಡಾರ್ಕ್ ಮೋಡ್‌ನಲ್ಲಿಯೂ ತೆರೆದು ನೋಡುವುದು ವಾಡಿಕೆ. ಎರಡು ಮಾದರಿಗಳನ್ನು ಹೋಲಿಸುವಾಗ ಒಮ್ಮೆಗೆ ಒಂದೇ ಅಂಶವನ್ನು ಬದಲಿಸಬೇಕು. ಇಲ್ಲವಾದರೆ ಫಲಿತಾಂಶಕ್ಕೆ ಕಾರಣ ಯಾವುದೆಂದು ತಿಳಿಯದು.

ಎಷ್ಟು ಜನ ಪತ್ರವನ್ನು ತೆರೆದರು ಎಂಬುದನ್ನು ಅದರಲ್ಲಿ ಅಡಗಿಸಿಟ್ಟ ಕಣ್ಣಿಗೆ ಕಾಣದ ಪುಟ್ಟ ಚಿತ್ರವೊಂದರಿಂದ ಲೆಕ್ಕಹಾಕಲಾಗುತ್ತದೆ. 2021ರಲ್ಲಿ ಆಪಲ್ ತನ್ನ ಮೇಲ್ ತಂತ್ರಾಂಶದಲ್ಲಿ ತಂದ ಖಾಸಗಿತನದ ರಕ್ಷಣೆಯನ್ನು ಬಳಕೆದಾರರು ಆರಿಸಿಕೊಂಡರೆ, ಅವರು ಪತ್ರವನ್ನು ತೆರೆಯದಿದ್ದರೂ ಚಿತ್ರಗಳು ಮೊದಲೇ ಇಳಿದಿರುತ್ತವೆ. ಹೀಗಾಗಿ ಈ ಲೆಕ್ಕವನ್ನು ಪೂರ್ತಿ ನಂಬುವಂತಿಲ್ಲ. ಗುಂಡಿ ಒತ್ತಿದವರು, ಖರೀದಿಸಿದವರು, ಪಟ್ಟಿಯಿಂದ ಹೊರನಡೆದವರು ಇವರ ಸಂಖ್ಯೆಗಳು ಹೆಚ್ಚು ವಿಶ್ವಾಸಾರ್ಹ.

ಒಪ್ಪಿಗೆ ಮತ್ತು ಕಾನೂನು

ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆಯು ದಾರಿತಪ್ಪಿಸುವ ವಿಷಯದ ಸಾಲುಗಳನ್ನು ನಿಷೇಧಿಸಿದೆ. ಪತ್ರ ಬೇಡವೆಂದವರ ಕೋರಿಕೆಯನ್ನು 10 ಕೆಲಸದ ದಿನಗಳೊಳಗೆ ನಡೆಸಿಕೊಡಬೇಕೆಂದು ವಿಧಿಸಿದೆ. ಯುರೋಪಿನ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮವು 2018ರ ಮೇ 25ರಿಂದ ಅನ್ವಯವಾಯಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವ ಅವಕಾಶವಿರಬೇಕು ಎನ್ನುತ್ತದೆ. ಅದೇ ವರ್ಷ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ವಂಚಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿಮಾಡಿತು. 'ಇನ್ನು ಎರಡೇ ಉಳಿದಿವೆ' ಎಂಬಂಥ ಸುಳ್ಳು ತುರ್ತು ಅವುಗಳಲ್ಲಿ ಒಂದು.

2024ರ ಫೆಬ್ರವರಿಯಿಂದ ಗೂಗಲ್ ತನ್ನ ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಷರತ್ತುಗಳನ್ನು ಹಾಕಿದೆ. ಕಳುಹಿಸುವವರ ಗುರುತು ದೃಢವಾಗಿರಬೇಕು. ಪ್ರಚಾರ ಪತ್ರಗಳನ್ನು ಒಂದೇ ಒತ್ತಿನಲ್ಲಿ ನಿಲ್ಲಿಸುವ ಸೌಲಭ್ಯವಿರಬೇಕು. ಸ್ಪ್ಯಾಮ್ ಎಂಬ ದೂರುಗಳು ಶೇಕಡ 0.3ನ್ನು ಮುಟ್ಟಬಾರದು. ಪತ್ರ ನಿಲ್ಲಿಸುವ ಕೊಂಡಿಯನ್ನು ಹುಡುಕಿಯೂ ಕಾಣದ ಓದುಗರ ಕೈಗೆ ಸುಲಭವಾಗಿ ಸಿಗುವುದು ಸ್ಪ್ಯಾಮ್ ಗುಂಡಿ. ಅಂಥ ದೂರುಗಳು ಹೆಚ್ಚಿದಷ್ಟೂ ಪತ್ರವನ್ನು ಬಯಸಿ ಕಾದಿರುವ ಇತರ ಗ್ರಾಹಕರ ಇನ್‌ಬಾಕ್ಸನ್ನೂ ಅದು ತಲುಪದಂತಾಗುತ್ತದೆ. ಆದ್ದರಿಂದ ಹೊರಹೋಗುವ ದಾರಿಯನ್ನು ಕಣ್ಣಿಗೆ ಬೀಳುವಂತೆ, ಬೆರಳಿಗೆ ಎಟಕುವಂತೆ ಇಡುವುದು ಕಳುಹಿಸುವವರಿಗೂ ಹಿತಕರ.